ಕೊನೆಯ ಗದ್ದೆಗೆ ಮೊದಲ ನೀರು

ನಮ್ಮ ಚಳ್ಳಕೆರೆ ಸೀಮೆಯ ಯಾವುದೇ ಬಸ್‌ಸ್ಟ್ಯಾಂಡಿನಲ್ಲಿ ನಿಂತು ‘ತಿಪ್ಪೇಸ್ವಾಮಿ’ ಅಂತ ಕೂಗಿ ನೋಡಿ. ಮೂರು ಜನವಾದರೂ ತಿರುಗುತ್ತಾರೆ. ತಿಪ್ಪೇಶ, ತಿಪ್ಪೇರುದ್ರಪ್ಪ, ತಿಪ್ಪಮ್ಮ, ತಿಪ್ಪಕ್ಕ ಎಲ್ಲ ಸೇರಿಸಿಕೊಂಡರೆ ಅರ್ಧ ಬಸ್‌ಸ್ಟ್ಯಾಂಡು ನಿಮ್ಮ ಕಡೆ ನೋಡುತ್ತದೆ. ಎಲ್ಲವೂ ನಾವು ಹಟ್ಟಿ ಅಜ್ಜ ಅನ್ನುವ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ಹೆಸರೇ. ನಮ್ಮಪ್ಪನದೂ ಆ ಬಳಗದ್ದೇ. ಹೈಸ್ಕೂಲಿನಲ್ಲಿ ಮೇಷ್ಟ್ರು ಹಾಜರಿ ಕರೆಯುವಾಗ ಇನಿಷಿಯಲ್ ಇಲ್ಲದೆ ಕೆಲಸವೇ ನಡೆಯುತ್ತಿರಲಿಲ್ಲ.

ಅಪ್ಪ ತೀರಿಕೊಂಡಾಗ ಊರಿನ ಹಿರಿಯರೊಬ್ಬರು ‘ದೊಡ್ಡ ದೈವಭಕ್ತ ಹೋದ’ ಅಂದರು. ಮಾತು ಸರಿ. ಆದರೂ ಏನೋ ಕಡಿಮೆ ಬಿತ್ತು ಅನಿಸಿತು. ದೈವಭಕ್ತ ಅಂದ ಕೂಡಲೇ ಗಂಟೆ, ಆರತಿ, ಉಪವಾಸ, ಉದ್ದನೆಯ ಪೂಜೆ ನೆನಪಾಗುತ್ತದೆ ಅಲ್ವಾ? ಅಪ್ಪನ ಪೂಜೆ ಐದು ನಿಮಿಷದ್ದು. ತಣ್ಣೀರು ಸ್ನಾನ, ಹಣೆಗೆ ವಿಭೂತಿ, ಹಟ್ಟಿ ಅಜ್ಜನ ಪಟಕ್ಕೆ ಒಂದು ಊದುಬತ್ತಿ. ಮುಗಿಯಿತು. ಉಳಿದ ಭಕ್ತಿಯೆಲ್ಲ ಕೆರೆ ಏರಿಯ ಮೇಲೆ, ತೂಬಿನ ಹತ್ತಿರ, ಕಾಲುವೆಯ ಕೆಸರಿನಲ್ಲಿ ನಡೆಯುತ್ತಿತ್ತು. ಅಪ್ಪ ನಮ್ಮೂರ ಕೆರೆಯ ನೀರುಗಂಟಿ.

ಈಗಿನ ಮಕ್ಕಳಿಗೆ ಬಿಡಿಸಿ ಹೇಳಬೇಕು. ಕೆರೆಯಲ್ಲಿ ನೀರಿದ್ದಾಗ ಯಾವ ಗದ್ದೆಗೆ ಯಾವಾಗ, ಎಷ್ಟು ಹೊತ್ತು ನೀರು ಅಂತ ನೋಡಿಕೊಳ್ಳುವವನು ನೀರುಗಂಟಿ. ತೂಬು ಎತ್ತುವುದು, ಮುಚ್ಚುವುದು ಅವನ ಕೈಯಲ್ಲಿ. ಏರಿಯಲ್ಲಿ ಹೆಗ್ಗಣ ಬಿಲ ತೋಡಿದರೆ, ಎಲ್ಲಾದರೂ ನೀರು ಜಿನುಗಿದರೆ ಮೊದಲು ಅವನ ಕಣ್ಣಿಗೆ ಬೀಳಬೇಕು. ಮಳೆಗಾಲದ ರಾತ್ರಿ ಊರೆಲ್ಲ ಮಲಗಿದ ಮೇಲೆ ಕಂಬಳಿ ಹೊದ್ದು, ಸಲಿಕೆ, ಬ್ಯಾಟರಿ ಹಿಡಿದು ಏರಿ ಸುತ್ತುವವನೂ ಅವನೇ. ಇದಕ್ಕೆ ಸಂಬಳ ಇಲ್ಲ. ಸುಗ್ಗಿಯಲ್ಲಿ ಅಚ್ಚುಕಟ್ಟಿನ ರೈತರು ಕಣದಲ್ಲೇ ಇಷ್ಟಿಷ್ಟು ಅಂತ ಧಾನ್ಯ ಅಳೆದು ಕೊಡುತ್ತಾರೆ. ಅದು ಆಯ. ಬೆಳೆ ಬಂದರೆ ಆಯ, ಬರದಿದ್ದರೆ ಅದೂ ಇಲ್ಲ.

ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನೆಲ್ಲ ರದ್ದು ಮಾಡುವ ಕಾಯ್ದೆ 1961ರಲ್ಲೇ ಬಂತು. ಕಾಗದದ ಮೇಲೆ ತಾತನ ಹುದ್ದೆ ಅಲ್ಲಿಗೆ ಮುಗಿಯಿತು. ಆ ಕೆಲಸಕ್ಕೆ ಅಂತ ಬಿಟ್ಟಿದ್ದ ಮಾನ್ಯದ ತುಂಡು ಜಮೀನು ಮಾತ್ರ ಅವನ ಹೆಸರಿಗೆ ಮರುಮಂಜೂರಾಗಿ ಉಳಿಯಿತು. ಆದರೆ ಕಾಯ್ದೆ ಬಂತು ಅಂತ ನೀರು ತಾನೇ ಪಾಲು ಮಾಡಿಕೊಳ್ಳುತ್ತದೆಯೇ? ತಾತ ಮಾಡಿದ. ತಾತನ ನಂತರ ಅಪ್ಪ ಮಾಡಿದ. ಆಮೇಲೆ ಸರ್ಕಾರದ ಯೋಜನೆಯಲ್ಲಿ ಕೆರೆ ಬಳಕೆದಾರರ ಸಂಘವೂ ಬಂತು. ಸಂಘಕ್ಕೆ ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ, ರಿಜಿಸ್ಟರು ಎಲ್ಲ ಇತ್ತು. ನೀರು ಬಿಡುವ ಹೊತ್ತಿಗೆ ಮಾತ್ರ ಅಪ್ಪನನ್ನೇ ಕರೆಯಲು ಬರುತ್ತಿದ್ದರು.

ತಮಾಷೆ ಏನೆಂದರೆ, ನಮ್ಮ ಕೆರೆಯಲ್ಲಿ ನೀರು ಇರುವುದೇ ಅಪರೂಪ. ರಾಜ್ಯದಲ್ಲೇ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ನಮ್ಮದೂ ಒಂದು. ಮಲೆನಾಡಿನವರು ಜೂನ್, ಜುಲೈ ಅಂತ ಮಳೆ ಲೆಕ್ಕ ಹಾಕುತ್ತಾರೆ. ನಮಗೆ ಬರುವುದಿದ್ದರೆ ಉತ್ತರೆ, ಹಸ್ತ, ಚಿತ್ತೆಯಲ್ಲಿ ಬರಬೇಕು. ಅಂದರೆ ಸೆಪ್ಟೆಂಬರ್, ಅಕ್ಟೋಬರ್. ಅಷ್ಟರಲ್ಲಿ ಶೇಂಗಾ ಅರ್ಧ ಒಣಗಿರುತ್ತದೆ. ಎಷ್ಟೋ ವರ್ಷ ಕೆರೆ ಅಂಗಳದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಆ ವರ್ಷಗಳಲ್ಲೂ ಅಪ್ಪ ಬೆಳಗ್ಗೆ ಎದ್ದು ಏರಿ ಮೇಲೆ ಒಂದು ಸುತ್ತು ಹೋಗಿಬರುತ್ತಿದ್ದ. ಬಳ್ಳಾರಿ ಜಾಲಿಯ ಗಿಡ ಚಿಗುರಿದ್ದರೆ ಬುಡಸಮೇತ ಕೀಳುತ್ತಿದ್ದ. ಅದರ ಬೇರು ಏರಿಯೊಳಗೆ ಇಳಿದರೆ ಮುಂದೆ ನೀರು ಬಂದಾಗ ಅದೇ ದಾರಿಯಲ್ಲಿ ಸೋರುತ್ತದೆ ಅನ್ನುತ್ತಿದ್ದ. ಬರದ ವರ್ಷದಲ್ಲಿ ಹೊಟ್ಟೆಪಾಡಿಗೆ ಚಳ್ಳಕೆರೆಯ ಎಣ್ಣೆ ಮಿಲ್ಲುಗಳಲ್ಲಿ ಹಮಾಲಿ ಮಾಡುತ್ತಿದ್ದ. ಅಲ್ಲಿಂದ ಬಂದವನು ಕೈಕಾಲು ತೊಳೆಯುವ ಮೊದಲೇ ಕೆರೆ ಕಡೆ ನಡೆದರೆ ಅವ್ವ ರೇಗುತ್ತಿದ್ದಳು. ‘ಕೆರೇಲಿ ನೀರಿಲ್ಲ, ಇವರಿಗೆ ಪುರುಸೊತ್ತಿಲ್ಲ.’

ಇದನ್ನು ಹುಚ್ಚು ಅನ್ನಬಹುದು. ನಾನೂ ಅಂದಿದ್ದೇನೆ. ಆದರೆ ಅದರ ಬೇರು ಹಟ್ಟಿ ಅಜ್ಜನ ಕಥೆಯಲ್ಲಿತ್ತು. ತಿಪ್ಪೇರುದ್ರಸ್ವಾಮಿ ನಮ್ಮ ಬಯಲು ಸೀಮೆಗೆ ಬಂದು ಕೆರೆ ಕಟ್ಟಿಸಿದವರು. ನಾಯಕನಹಟ್ಟಿಯ ಸುತ್ತ ಅವರು ಕಟ್ಟಿಸಿದ್ದು ಅಂತ ಜನ ಇವತ್ತೂ ತೋರಿಸುವ ಕೆರೆಗಳಿವೆ. ಪವಾಡಗಳು ಬೇಕಾದಷ್ಟಿವೆ, ಸತ್ತ ಎಮ್ಮೆ ಎದ್ದು ಹಾಲು ಕೊಟ್ಟಿದ್ದೂ ಸೇರಿ. ಅಪ್ಪನಿಗೆ ಅವುಗಳಲ್ಲಿ ಅಷ್ಟು ರುಚಿ ಇರಲಿಲ್ಲ. ಅವನು ಮತ್ತೆ ಮತ್ತೆ ಹೇಳುತ್ತಿದ್ದುದು ಕೂಲಿಯ ಕಥೆ. ಕೆರೆ ಕೆಲಸ ಮುಗಿದ ಸಂಜೆ ಪ್ರತಿಯೊಬ್ಬರೂ ತಮ್ಮ ಮುಂದೆ ಮರಳಿನ ಗುಡ್ಡೆ ಮಾಡಿಕೊಳ್ಳಬೇಕಿತ್ತಂತೆ. ಗುಡ್ಡೆ ಕೆದಕಿದರೆ ಅವರವರು ಮಾಡಿದ ಕೆಲಸಕ್ಕೆ ತಕ್ಕಷ್ಟು ದುಡ್ಡು. ಮೈಗಳ್ಳನಿಗೆ ಕಡಿಮೆ, ಮೈ ಮುರಿದವನಿಗೆ ಜಾಸ್ತಿ. ಒಬ್ಬ ಬಸುರಿ ಹೆಂಗಸಿಗೆ ಎರಡು ಪಾಲು ಸಿಕ್ಕಿತಂತೆ. ಉಳಿದವರು ತಕರಾರು ತೆಗೆದಾಗ ‘ಒಳಗಿರುವ ಕೂಸೂ ಮಣ್ಣು ಹೊತ್ತಿದೆಯಲ್ಲ’ ಅಂದರಂತೆ ಅಜ್ಜ. ‘ಮಾಡಿದವರಿಗೆ ಮಾಡಿದಷ್ಟು ನೀಡು ಭಿಕ್ಷೆ’ ಅನ್ನುವ ಮಾತು ನಮ್ಮ ಕಡೆ ಲಾರಿಗಳ ಮೇಲೆ, ಟ್ರ್ಯಾಕ್ಟರುಗಳ ಮೇಲೆ, ಆಟೋಗಳ ಹಿಂದೆ ಎಲ್ಲ ಕಡೆ ಕಾಣುತ್ತದೆ. ಎಲ್ಲರೂ ಬರೆಸುತ್ತಾರೆ. ಅಪ್ಪ ಬರೆಸಲಿಲ್ಲ, ಬರೆಸಲು ಅವನ ಹತ್ತಿರ ಗಾಡಿಯೇ ಇರಲಿಲ್ಲ. ಆದರೆ ಆ ಮಾತನ್ನು ಕಾನೂನು ಅಂತ ತಿಳಿದುಕೊಂಡಿದ್ದ.

ಅದಕ್ಕೇ ಇರಬೇಕು, ಅಪ್ಪ ದೇವರ ಮುಂದೆ ಏನನ್ನೂ ಕೇಳುತ್ತಿರಲಿಲ್ಲ. ಚಿಕ್ಕವಳಿದ್ದಾಗ ನನಗಿದು ವಿಚಿತ್ರ ಅನಿಸುತ್ತಿತ್ತು. ಫಾಲ್ಗುಣದಲ್ಲಿ ಹಟ್ಟಿ ಜಾತ್ರೆ. ನಾವೆಲ್ಲ ನಡೆದೇ ಹೋಗುತ್ತಿದ್ದೆವು. ರಣಬಿಸಿಲು. ಲಕ್ಷಗಟ್ಟಲೆ ಜನ. ಅಲ್ಲಿ ಕೊಬ್ಬರಿ ಸುಡುವುದು ದೊಡ್ಡ ಹರಕೆ. ಅಪ್ಪ ಮನೆಯ ತಲೆಗೊಂದರಂತೆ ಗಿಟುಕು ಕಟ್ಟಿಸಿಕೊಂಡು ಬಂದಿರುತ್ತಿದ್ದ. ಬೆಂಕಿಗೆ ಹಾಕುವಾಗ ನಾನು ಕಣ್ಣು ಮುಚ್ಚಿಕೊಂಡು ಪಾಸು, ಫಸ್ಟ್ ಕ್ಲಾಸು, ಹೊಸ ಲಂಗ ಅಂತ ಪಟ್ಟಿ ಒಪ್ಪಿಸುತ್ತಿದ್ದೆ. ಸುಟ್ಟ ಕೊಬ್ಬರಿಯ ಆ ಘಾಟು ಇವತ್ತಿಗೂ ನನಗೆ ಪರೀಕ್ಷೆಯ ವಾಸನೆಯೇ. ‘ನೀನು ಏನು ಕೇಳಿದೆ?’ ಅಂದರೆ ಅಪ್ಪ, ‘ಕೇಳೋದೇನು ತಾಯಿ, ಸುಮ್ನೆ ಬಂದು ಮುಖ ತೋರಿಸಿ ಹೋಗೋದು. ಲೆಕ್ಕ ಒಪ್ಪಿಸಿದಂಗೆ’ ಅನ್ನುತ್ತಿದ್ದ. ತೇರು ಎಳೆಯುವ ಮೊದಲು ಮುಕ್ತಿ ಬಾವುಟದ ಹರಾಜು ನಡೆಯುತ್ತದೆ. ಲಕ್ಷ ಲಕ್ಷ ಕೂಗಿ ಹಿಡಿಯುತ್ತಾರೆ. ಹಿಡಿದವರಿಗೆ ಅದು ದೊಡ್ಡ ಪುಣ್ಯ, ದೊಡ್ಡ ಹೆಸರು. ಅಪ್ಪ ಆ ಹರಾಜನ್ನು ಕುತೂಹಲದಿಂದ ಕೇಳುತ್ತಿದ್ದ. ಆಮೇಲೆ ಅವ್ವನ ಕಿವಿಯ ಹತ್ತಿರ, ‘ಈ ದುಡ್ಡಲ್ಲಿ ಎಷ್ಟು ಹೂಳು ತೆಗೀಬಹುದು ನೋಡು’ ಅನ್ನುತ್ತಿದ್ದ. ಭಕ್ತಿ ಕಡಿಮೆಯಾಗಿ ಅಲ್ಲ. ಅವನ ತಲೆ ಇದ್ದದ್ದೇ ಹಾಗೆ.

ನೀರು ಬಿಡುವ ದಿನದ ಅಪ್ಪ ಬೇರೆಯೇ ಮನುಷ್ಯ. ಏರಿಯ ತುದಿಯಲ್ಲೇ ಚಪ್ಪಲಿ ಬಿಡುತ್ತಿದ್ದ. ತೂಬಿನ ಪಕ್ಕದ ಗಂಗಮ್ಮನ ಕಲ್ಲಿಗೆ ಒಂದು ಚೊಂಬು ಕೆರೆ ನೀರು ಹಾಕಿ, ಅರಿಶಿನ ಕುಂಕುಮ ಇಟ್ಟ ಮೇಲೆಯೇ ತೂಬಿಗೆ ಕೈ. ಊರಿನ ಹಿರಿಯರು ಮೊದಲೇ ಕೂತು ಈ ಸಲ ಇರುವ ನೀರಿಗೆ ಎಷ್ಟು ನೆಲ ಬಿತ್ತಬಹುದು ಅಂತ ತೀರ್ಮಾನ ಮಾಡಿರುತ್ತಿದ್ದರು. ಕೆರೆ ಅರ್ಧ ಇದ್ದರೆ ಎಲ್ಲರೂ ತಮ್ಮ ಗದ್ದೆಯಲ್ಲಿ ಅರ್ಧ ಮಾತ್ರ ಮಾಡಬೇಕು. ಇಷ್ಟು ಊರಿನ ಕಟ್ಟಳೆ. ಇದರ ಮೇಲೆ ಅಪ್ಪನದು, ಅದಕ್ಕೂ ಮೊದಲು ತಾತನದು, ಒಂದು ನಿಯಮವಿತ್ತು. ಕಾಲುವೆಯ ಕೊನೆಯಲ್ಲಿರುವ ಗದ್ದೆಗೆ ಮೊದಲ ನೀರು. ಅಲ್ಲಿಂದ ಹಿಂದಕ್ಕೆ ಬರುತ್ತಾ ತೂಬಿನ ಹತ್ತಿರದವರಿಗೆ ಆಮೇಲೆ. ಎಲ್ಲರದೂ ಮುಗಿದ ಮೇಲೆ ನಮ್ಮದು.

ತೂಬಿನ ಹತ್ತಿರದವರಿಗೆ ಇದು ಯಾವತ್ತೂ ಹಿಡಿಸಲಿಲ್ಲ. ನೀರು ಅವರ ಗದ್ದೆಯ ಬದುವನ್ನೇ ಉಜ್ಜಿಕೊಂಡು ಹೋಗುತ್ತಿರುತ್ತದೆ, ಅವರು ಬಾಯಿ ಮುಚ್ಚಿಕೊಂಡು ಕಾಯಬೇಕು. ‘ಹಿಂದುಮುಂದು ಗೊತ್ತಿಲ್ಲದ ನೀರುಗಂಟಿ’ ಅಂತ ಬೈಯುತ್ತಿದ್ದರು. ಅಪ್ಪನ ಲೆಕ್ಕ ಸರಳ. ಮೊದಲಿನವನಿಗೆ ಮೊದಲು ಕೊಟ್ಟರೆ ಅವನಿಗೆ ಕೊನೆಯವನ ನೆನಪು ಇರುವುದಿಲ್ಲ. ಕೊನೆಯವನಿಗೆ ಮೊದಲು ಕೊಟ್ಟರೆ ಕಾಲುವೆ ಕೊನೆಯ ತನಕ ಚೊಕ್ಕ ಇರುವಂತೆ ಎಲ್ಲರೂ ನೋಡಿಕೊಳ್ಳುತ್ತಾರೆ, ಯಾಕೆಂದರೆ ಅದು ಮುಗಿಯದೆ ಅವರ ಸರದಿ ಬರುವುದಿಲ್ಲ. ಇಲ್ಲಿ ಒಂದು ಮಾತು ಹೇಳಬೇಕು. ಆ ಕೊನೆಯ ಗದ್ದೆಯವನು ಪಾಪದವನೇನಲ್ಲ. ಬದುವಿನ ಜಗಳದಲ್ಲಿ ನಮ್ಮ ಮನೆಯ ಜೊತೆ ಮಾತು ಬಿಟ್ಟವನು. ಕಣದಲ್ಲಿ ಆಯ ಅಳೆಯುವಾಗ ಕೈ ಬಿಗಿ ಹಿಡಿಯುವವನು. ಅಪ್ಪ ಅವನ ಗದ್ದೆಗೆ ನೀರು ತಿರುಗಿಸಿ, ಬದುವಿನ ಮೇಲೆ ಕೂತು, ಎಚ್‌ಎಂಟಿ ವಾಚು ನೋಡುತ್ತಾ ಕಾಯುತ್ತಿದ್ದ. ಇಬ್ಬರೂ ಮಾತಾಡುತ್ತಿರಲಿಲ್ಲ. ಹೊತ್ತು ಮುಗಿದ ಕೂಡಲೇ ಮಡೆ ಕಟ್ಟಿ ಎದ್ದು ಬರುತ್ತಿದ್ದ.

ನಾನು ಪಿಯುಸಿ ಮುಗಿಸಿ ನರ್ಸಿಂಗಿಗೆ ಸೇರಬೇಕಿದ್ದ ವರ್ಷ ಕೆರೆಗೆ ಸ್ವಲ್ಪ ನೀರು ಬಂದಿತ್ತು. ದಾವಣಗೆರೆಯಲ್ಲಿ ಸೀಟು ಸಿಕ್ಕಿತ್ತು, ಫೀಜಿಗೆ ದುಡ್ಡಿರಲಿಲ್ಲ. ಒಂದು ರಾತ್ರಿ ತೂಬಿನ ಹತ್ತಿರದ ದೊಡ್ಡ ಗದ್ದೆಯವರು ಮನೆಗೆ ಬಂದರು. ಒಂದು ರಾತ್ರಿ, ಒಂದೇ ರಾತ್ರಿ ತೂಬು ಸ್ವಲ್ಪ ಜಾಸ್ತಿ ಎತ್ತಿದರೆ ಮಗಳ ಫೀಜಿನ ಚಿಂತೆ ತಮಗಿರಲಿ ಅಂದರು. ಅವ್ವ ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದಳು. ನಾನೂ. ಅಪ್ಪ ಅವರಿಗೆ ಟೀ ಕುಡಿಸಿದ. ಮಳೆ ವಿಚಾರ ಮಾತಾಡಿದ. ಬಾಗಿಲ ತನಕ ಹೋಗಿ ಕಳಿಸಿಬಂದ. ಆ ವಿಷಯಕ್ಕೆ ಉತ್ತರವನ್ನೇ ಕೊಡಲಿಲ್ಲ.

ಆಮೇಲೆ ಅವ್ವನ ಬೆಂಡೋಲೆ ಗಿರವಿಗೆ ಹೋಯಿತು. ಎರಡು ಮೇಕೆ ಮಾರಿದೆವು. ಅಪ್ಪ ಹಗಲು ಕೆರೆ, ರಾತ್ರಿ ಮಿಲ್ಲಿನಲ್ಲಿ ಮೂಟೆ ಅಂತ ಒಂದು ಇಡೀ ಸುಗ್ಗಿ ದುಡಿದ. ಅವ್ವ ಅವನ ಜೊತೆ ಮಾತು ಬಿಟ್ಟಳು, ಊಟ ಮಾತ್ರ ಬಡಿಸುತ್ತಿದ್ದಳು. ಇದನ್ನು ಕೇಳಿದವರು ‘ಎಂಥ ಮನುಷ್ಯ!’ ಅನ್ನುತ್ತಾರೆ. ನನಗೆ ಅಷ್ಟು ಸುಲಭವಾಗಿ ಅನ್ನಲು ಬರುವುದಿಲ್ಲ. ಅಪ್ಪನ ನೇರತನಕ್ಕೆ ಬೆಲೆ ತೆತ್ತದ್ದು ಅಪ್ಪ ಒಬ್ಬನೇ ಅಲ್ಲ. ಆ ಓಲೆ ಬಿಡಿಸಿಕೊಳ್ಳಲು ಆಗಲೇ ಇಲ್ಲ, ಮುಳುಗಿಯೇ ಹೋಯಿತು. ಮೂಟೆ ಹೊತ್ತು ಹೊತ್ತು ಅವನ ಮೊಣಕಾಲು ಆಗಲೇ ಸವೆದದ್ದು. ಅವನ ದೇವರ ಲೆಕ್ಕದಲ್ಲಿ ಅವ್ವನ ಕಿವಿಗೂ ಒಂದು ಕಾಲಂ ಇರಬೇಕಿತ್ತು. ಈ ಒಂದು ವಿಷಯದಲ್ಲಿ ಇವತ್ತಿಗೂ ನಾನು ಅವ್ವನ ಪಕ್ಷ.

ದಾವಣಗೆರೆ ಆಗಷ್ಟೇ, 1997ರಲ್ಲಿ, ಚಿತ್ರದುರ್ಗದಿಂದ ಬೇರೆಯಾಗಿ ಹೊಸ ಜಿಲ್ಲೆಯಾಗಿತ್ತು. ‘ನಿನ್ನ ಓದಿಸೋ ಹೊತ್ತಿಗೆ ಜಿಲ್ಲೆನೇ ಬೇರೆ ಹೋಯ್ತಲ್ಲ ತಾಯಿ’ ಅಂತ ಅಪ್ಪ ನಗುತ್ತಿದ್ದ. ಟ್ರಂಕು ಹೊತ್ತು ಹಾಸ್ಟೆಲಿನ ತನಕ ಬಂದ. ಆಮೇಲೂ ಬಿಡುವಾದಾಗಲೆಲ್ಲ ಬರುತ್ತಿದ್ದ. ಶೇಂಗಾ ಚಟ್ನಿಪುಡಿ, ಸಜ್ಜೆ ರೊಟ್ಟಿ, ಒಂದು ಪೊಟ್ಟಣ ವಿಭೂತಿ. ಗೇಟಿನಿಂದ ಒಳಗೆ ಬರುತ್ತಿರಲಿಲ್ಲ. ಹೊರಗಿನ ಕಟ್ಟೆಯ ಮೇಲೆ ಕೂತು, ನಾನು ತಿನ್ನುವುದನ್ನು ನೋಡಿ, ವಾಪಸ್ ಬಸ್ ಹತ್ತುತ್ತಿದ್ದ. ಅವನ ಮಾತೇ ಕಡಿಮೆ. ಓದು ಹೇಗಿದೆ ಅಂತ ಕೇಳಿದ ನೆನಪಿಲ್ಲ.

ವಾರ್ಡಿನಲ್ಲಿ ನನ್ನ ಕಣ್ಣೆದುರು ಮೊದಲ ಸಾವು ಆದ ವಾರ ನಾನು ಊರಿಗೆ ಓಡಿಬಂದಿದ್ದೆ. ಇನ್ನು ಹೋಗುವುದಿಲ್ಲ ಅಂತ ಹಟ. ಅವ್ವ ಬೈದಳು, ಅತ್ತಳು. ಅಪ್ಪ ರಾತ್ರಿ ಊಟ ಆದ ಮೇಲೆ ಕೇಳಿದ, ‘ಪಕ್ಕದ ಹಾಸಿಗೇಲಿ ಯಾರಿದ್ರು?’ ಒಬ್ಬ ಅಜ್ಜಿ, ಕಾಲು ಮುರಿದಿತ್ತು ಅಂದೆ. ‘ಅವಳಿಗೆ ನೀರು ಕುಡಿಸಿ ಬಂದ್ಯಾ?’ ಇಲ್ಲ ಅಂದೆ. ‘ಹೋದೋರ ಲೆಕ್ಕ ಅಜ್ಜಂದು. ಇರೋರ ಸರದಿ ತಪ್ಪಿಸಬ್ಯಾಡ’ ಅಂದ. ಅಷ್ಟೇ. ಮರುದಿನ ಬೆಳಗಿನ ಬಸ್ಸಿಗೆ ತಾನೇ ಕರೆದುಕೊಂಡು ಬಂದ. ಈಗ ಐಸಿಯುನಲ್ಲಿ ಕೆಲಸ ಮಾಡುತ್ತೇನೆ. ನನಗೆ ಅಪ್ಪನಷ್ಟು ನಂಬಿಕೆ ಇಲ್ಲ, ಇದೆ ಅಂತ ನಟಿಸುವುದೂ ಇಲ್ಲ. ಬಾಗಿಲ ಹೊರಗೆ ಜನ ಎಲ್ಲ ದೇವರಿಗೂ ಹರಕೆ ಹೊರುವುದನ್ನು ನೋಡುತ್ತೇನೆ, ಅವರ ಮೇಲೆ ಬೇಸರವೂ ಇಲ್ಲ. ಆದರೆ ಡ್ಯೂಟಿ ಬದಲಾಗುವಾಗ ಯಾವ ಹಾಸಿಗೆಯೂ ಬಿಟ್ಟುಹೋಗದಂತೆ ಕೊನೆಯ ಹಾಸಿಗೆಯಿಂದ ಶುರುಮಾಡುತ್ತೇನೆ. ಅದು ಮಾತ್ರ ಅಪ್ಪನಿಂದಲೇ ಬಂದದ್ದು.

ಮೊಣಕಾಲು ಪೂರ್ತಿ ಕೈಕೊಟ್ಟ ಮೇಲೆ ಅಪ್ಪ ಕೆಲವು ವರ್ಷ ನನ್ನ ಜೊತೆ ದಾವಣಗೆರೆಯಲ್ಲೇ ಇದ್ದ. ಇಷ್ಟವಾಗಿ ಅಲ್ಲ. ಎಲ್ಲರೂ ಹೊಗಳುವ ಬೆಣ್ಣೆ ದೋಸೆ ತಿನ್ನಿಸಿದರೆ, ‘ಬೆಣ್ಣೆ ಹಿಂಡಿ ಕೊಡು’ ಅಂದ. ಮಂಡಕ್ಕಿ, ಮೆಣಸಿನಕಾಯಿಗೆ ಮಾತ್ರ ಬೇಗ ಒಗ್ಗಿಕೊಂಡ. ಬೆಳಗ್ಗೆ ಕೋಲೂರಿಕೊಂಡು ಕುಂದವಾಡ ಕೆರೆಗೆ ಹೋಗುತ್ತಿದ್ದ. ಅಲ್ಲಿ ಊರಿನ ಅರ್ಧ ಜನ ಟ್ರ್ಯಾಕ್ ಸೂಟು, ಶೂ ಹಾಕಿಕೊಂಡು ವಾಕಿಂಗ್ ಮಾಡುತ್ತಾರೆ. ಇವನು ಏರಿ ಶುರುವಾಗುವಲ್ಲೇ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಡೆಯುತ್ತಿದ್ದ. ಕೆಲವರು ನೇಚರ್ ಥೆರಪಿ ಅಂದುಕೊಂಡು ಮಾತಾಡಿಸಿದರಂತೆ. ಇವನಿಗೆ ಅದೇನೂ ಅರ್ಥವಾಗಲಿಲ್ಲ. ‘ಇದರ ತೂಬು ಎಲ್ಲಿ?’ ಅಂತ ಅವರನ್ನೇ ಕೇಳಿದ್ದಾನೆ. ಊರಿಗೆ ಕುಡಿಯುವ ನೀರು ಕೊಡುವ ಕೆರೆ, ಭದ್ರಾ ನಾಲೆಯಿಂದ ತುಂಬಿಸುತ್ತಾರೆ ಅಂತ ನಾನು ವಿವರಿಸಿದೆ.

ಹಾಗಾದರೆ ನಾಲೆ ನೋಡಬೇಕು ಅಂದ. ಕರೆದುಕೊಂಡು ಹೋದೆ. ನಾಲೆಯ ತುಂಬ ನೀರು ಹೋಗುತ್ತಿತ್ತು, ಎರಡೂ ಕಡೆ ಕಣ್ಣು ಹಾಯುವಷ್ಟು ದೂರ ಭತ್ತ. ನಮ್ಮಂಥ ಸೀಮೆಯವರಿಗೆ ಆ ಹಸಿರು ನೋಡಿದರೆ ಸಿಟ್ಟೇ ಬರುತ್ತದೆ. ಅಪ್ಪ ಬಹಳ ಹೊತ್ತು ನಿಂತಿದ್ದು ಕೇಳಿದ, ‘ಇಷ್ಟು ನೀರಿಗೆ ನೀರುಗಂಟಿ ಯಾರು?’ ಇಂಜಿನಿಯರುಗಳಿದ್ದಾರೆ, ಇಲಾಖೆ ಇದೆ, ಸಭೆ ಮಾಡಿ ವೇಳಾಪಟ್ಟಿ ಹಾಕುತ್ತಾರೆ ಅಂದೆ. ‘ಕೊನೇ ಗದ್ದೆಗೆ ತಲುಪುತ್ತಾ?’ ಅಂದ. ದಾವಣಗೆರೆಯಲ್ಲಿರುವವರಿಗೆ ಗೊತ್ತು, ನಾಲೆಯ ಕೊನೆ ಭಾಗದ ರೈತರು ನೀರು ಬಂದಿಲ್ಲ ಅಂತ ರಸ್ತೆಗಿಳಿಯುವುದು ಇಲ್ಲಿ ಹೊಸದಲ್ಲ. ಒಂದು ದಿನ ಪೇಪರಿನಲ್ಲಿ ಆ ಸುದ್ದಿ ಓದಿ ಹೇಳಿದೆ. ಅಪ್ಪ ಗೆದ್ದೆ ಅಂತ ಬೀಗುತ್ತಾನೆ ಅಂದುಕೊಂಡಿದ್ದೆ. ಅವನ ಮುಖ ಸಪ್ಪಗಾಯಿತು. ‘ಅಷ್ಟು ದೊಡ್ಡ ನೀರಿದ್ರೂ ಹಿಂಗೇನಾ?’ ಅಂದ. ಆ ದಿನವೆಲ್ಲ ಮಂಕಾಗಿದ್ದ.

2022 ಬಂತು. ಆ ವರ್ಷದ ಮಳೆ ನಮ್ಮ ಜಿಲ್ಲೆಯವರು ಯಾರೂ ಮರೆಯುವುದಿಲ್ಲ. ಹಿರಿಯೂರಿನ ವಾಣಿವಿಲಾಸ ಸಾಗರ, ನಮ್ಮ ಬಾಯಲ್ಲಿ ಮಾರಿಕಣಿವೆ, 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ 89 ವರ್ಷ ಮತ್ತೆ ಬಿದ್ದಿರಲಿಲ್ಲ. ಸೆಪ್ಟೆಂಬರಿನಲ್ಲಿ ಬಿತ್ತು. ಜನ ಬಸ್ಸು, ಟ್ರ್ಯಾಕ್ಟರು, ಬೈಕು ಸಿಕ್ಕಿದ್ದು ಹತ್ತಿ ನೋಡಲು ಹೋದರು. ಅಪ್ಪನನ್ನೂ ಕರೆದೊಯ್ದೆ. ಅವನ ಜೀವಮಾನದ ತುಂಬ ಕೇಳಿದ್ದ ಸಂಗತಿ ಅದು. ಕೋಡಿಯ ನೀರು ನೋಡಿ ಕೈಮುಗಿದ, ಕಣ್ಣು ಒರೆಸಿಕೊಂಡ. ಆಮೇಲೆ ನಮ್ಮೂರ ಕೆರೆಯೂ ತುಂಬಿತು. ಊರವರು ಗಂಗಮ್ಮನಿಗೆ ಬಾಗಿನ ಬಿಡಲು ಡೊಳ್ಳು ಕರೆಸಿದ್ದರು, ದೊಡ್ಡವರು ಬಂದಿದ್ದರು, ಫೋಟೋ ತೆಗೆಯುತ್ತಿದ್ದರು. ಅಪ್ಪ ಅಲ್ಲಿರಲಿಲ್ಲ. ಹುಡುಕಿದರೆ ಏರಿಯ ಇನ್ನೊಂದು ತುದಿಯಲ್ಲಿ ನಾಲ್ಕು ಹುಡುಗರನ್ನು ನಿಲ್ಲಿಸಿಕೊಂಡು, ಮರಳು ಚೀಲ ಎಲ್ಲಿಡಬೇಕು ಅಂತ ಕೋಲಿನಿಂದ ತೋರಿಸುತ್ತಿದ್ದ. ಅಲ್ಲೊಂದು ಕಡೆ ಏರಿ ತೇವವಾಗಿತ್ತು. ಜಾಲಿಯ ಬೇರಿನ ದಾರಿ. ಅವನು ದಾವಣಗೆರೆಯಲ್ಲಿದ್ದ ವರ್ಷಗಳಲ್ಲಿ ಯಾರೂ ಕಿತ್ತಿರಲಿಲ್ಲ.

ಅಲ್ಲಿಂದ ಅವನು ವಾಪಸ್ ಬರಲು ಒಪ್ಪಲೇ ಇಲ್ಲ. ಊರಲ್ಲೇ ಉಳಿದ. 2023ರಲ್ಲಿ ಮತ್ತೆ ಬರ ಬಿತ್ತು, ಕೆರೆ ಮತ್ತೆ ಬತ್ತಿತು. ಅದರ ಮುಂದಿನ ಬೇಸಿಗೆಯಲ್ಲಿ ಅಪ್ಪ ಹೋದ. ಕಿಡ್ನಿ ಸೋತಿತ್ತು. ನನಗೆ ಮೊದಲೇ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಡಯಾಲಿಸಿಸ್ ಬೇಡ ಅಂದ, ನಾನು ಜಗಳ ಆಡಿದೆ, ಕೆಲವು ಸಲ ಮಾಡಿಸಿಕೊಂಡ, ಆಮೇಲೆ ಬೇಡವೇ ಬೇಡ ಅಂದ. ಆ ಭಾಗ ಇಷ್ಟೇ ಸಾಕು. ಮಾನ್ಯದ ಜಮೀನಿನಲ್ಲೇ ಮಣ್ಣು ಮಾಡಿದೆವು. ನೆಲ ಎಷ್ಟು ಗಟ್ಟಿಯಾಗಿತ್ತೆಂದರೆ ಗುದ್ದಲಿಗೆ ಬಗ್ಗಲಿಲ್ಲ, ಜೆಸಿಬಿ ತರಿಸಬೇಕಾಯಿತು. ಮಾತು ಬಿಟ್ಟಿದ್ದ ಆ ಕೊನೆಯ ಗದ್ದೆಯವನೂ ಬಂದಿದ್ದ. ಮೂರು ಹಿಡಿ ಮಣ್ಣು ಹಾಕಿ, ಯಾರ ಹತ್ತಿರವೂ ಮಾತಾಡದೆ ಹೋದ.

ಆ ವರ್ಷವೇ ಚೆನ್ನಾಗಿ ಮಳೆಯಾಯಿತು. ಕೆರೆಗೆ ಮುಕ್ಕಾಲು ನೀರು ಬಂತು. ನೀರು ಬಿಡುವ ಹೊತ್ತಿಗೆ ಜಗಳ ಶುರು. ಯಾರ ಸರದಿ ಯಾವುದರ ಮೇಲೆ, ಯಾವ ತುಂಡಿಗೆ ಎಷ್ಟು ಹೊತ್ತು, ಎಲ್ಲ ಅಪ್ಪನ ತಲೆಯಲ್ಲಿತ್ತು. ಬರೆದಿಟ್ಟಿರಲಿಲ್ಲ. ಸಂಘದ ರಿಜಿಸ್ಟರಿನಲ್ಲಿ ಸಭೆಯ ಸಹಿಗಳಿದ್ದವು, ಸರದಿ ಇರಲಿಲ್ಲ. ಕೊನೆಗೆ ಚಿಕ್ಕಪ್ಪನ ಮಗ ಅವ್ವನ ಹತ್ತಿರ ಬಂದು ಕೂತ. ನಾನು ರಜೆಗೆ ಹೋಗಿದ್ದೆ, ನೋಟುಬುಕ್ಕು ಹಿಡಿದು ಪಕ್ಕದಲ್ಲಿದ್ದೆ. ಅಷ್ಟು ವರ್ಷ ಕೆರೆಯನ್ನು ಸವತಿ ಅಂತ ಬೈದಿದ್ದ ಅವ್ವ ಅಡಿಕೆ ಕತ್ತರಿಸುತ್ತಾ ಒಂದೊಂದೇ ಗದ್ದೆ ಹೇಳುತ್ತಾ ಹೋದಳು. ಯಾರ ತಾತನ ಹೆಸರಿನ ಗದ್ದೆ, ಎಲ್ಲಿ ಮಡೆ, ಎಷ್ಟು ಗಂಟೆ, ಎಲ್ಲಿ ಕಾಲುವೆ ತಿರುಗುತ್ತದೆ. ಒಂದೂ ತಪ್ಪಲಿಲ್ಲ. ಕೊನೆಯ ಗದ್ದೆಯಿಂದಲೇ ಶುರುಮಾಡಿದ್ದಳು.

ಅರ್ಧ ಪಟ್ಟಿ ಆದ ಮೇಲೆ ‘ಇಲ್ಲಿ ನಮ್ಮದು ಬರಕೋ’ ಅಂದಳು. ನಾನು ತಲೆ ಎತ್ತಿ, ನಮ್ಮದು ಎಲ್ಲರಿಗಿಂತ ಕೊನೆಗಲ್ವಾ ಅಂದೆ.

‘ಅದು ನಿಮ್ಮಪ್ಪನ ಕಾಲಕ್ಕೆ. ನನ್ನ ವಾಲೆ ಹೋಗಿದ್ದು ಯಾರ ಲೆಕ್ಕ? ಬರಕೋ’ ಅಂದಳು. ಬರೆದುಕೊಂಡೆ. ಚಿಕ್ಕಪ್ಪನ ಮಗ ನಕ್ಕ. ಆ ವರ್ಷ ನೀರು ಅದೇ ಪಟ್ಟಿಯಂತೆ ಹೋಯಿತು, ಊರಲ್ಲಿ ಯಾರೂ ತಕರಾರು ತೆಗೆಯಲಿಲ್ಲ.